ಟ್ಯಾಂಕಿನ ಪತ್ರಿಕಾ ಪ್ರಕಟಣೆ

ಪುರಸಭೆ ಅಧ್ಯಕ್ಷ ಪುಟ್ಟಮಾದಪ್ಪನವರು ಪ್ರಚಾರದ ಗುಮಾಸ್ತೆ ವಿಶಾಲಾಕ್ಷಿಯನ್ನು ಕರೆದರು. "ಸಂಜೆ ನೀರಿನ ಟ್ಯಾಂಕ್ ಉದ್ಘಾಟನೆ ಮಾಡ್ತೀನಿ. ಒಂದು ಗಂಟೆಯೊಳಗೆ ಪತ್ರಿಕಾ ಪ್ರಕಟಣೆ ಬರೆದು ಕೊಡಮ್ಮ."

"ಒಂದ್ಸಲ ಟ್ಯಾಂಕ್ ನೋಡ್ಕೊಂಡು ಬರ್ತೀನಿ ಸಾರ್."

"ನನ್ನನ್ನ ಹೊಗಳೋಕೆ ಟ್ಯಾಂಕ್ ಯಾಕೆ ನೋಡ್ಬೇಕು?"

ಆದರೂ ಅವಳು ಹೋಗಿ ನೋಡಿ ಬಂದಳು. ಬರೆದದ್ದು ಒಂದೇ ಸಾಲು: "ಅಧ್ಯಕ್ಷರು ಈ ಟ್ಯಾಂಕನ್ನು ನಾಲ್ಕನೇ ಬಾರಿ ಉದ್ಘಾಟಿಸಿದರು."

ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಯಾರು ಹೇಳಿದ್ದು?"

"ಗೋಡೆಯಲ್ಲಿ ನಿಮ್ಮ ಹೆಸರು ಕೆತ್ತಿದ ಮೂರು ಕಲ್ಲಿವೆ ಸಾರ್. ನಾಲ್ಕನೆಯದಕ್ಕೆ ಮೇಸ್ತ್ರಿ ಜಾಗ ಹುಡುಕ್ತಿದ್ದ."

ಅಧ್ಯಕ್ಷರ ದನಿ ಇಳಿಯಿತು. "ಹಾರ ತರಿಸಿ ಆಗಿದೆಯಲ್ಲಮ್ಮ. ಈಗ ಏನನ್ನ ಉದ್ಘಾಟನೆ ಮಾಡ್ಲಿ?"

"ನೀರಿನ ಉದ್ಘಾಟನೆ ಮಾಡಿ ಸಾರ್. ಅದು ಮೂರು ಸಲವೂ ಬಿಟ್ಟುಹೋಗಿದೆ."