ಮೊದಲೇ ತಯಾರಿದ್ದ ಅನುವಾದ

ಹಜರತಸಾಬ ಮಾಸ್ತರರು ವಚನಗಳನ್ನು ಉರ್ದುವಿಗೆ, ಸೂಫಿ ಪದಗಳನ್ನು ಕನ್ನಡಕ್ಕೆ ತಂದ ಪಂಡಿತರು. ಒಂದು ದಿನ ಪೇಟೆ ಓಣಿಯ ಮುಖಂಡ ಈರಬಸಪ್ಪ ಬಂದವನೇ ಅವರ ಮುಂದೆ ಕರಪತ್ರವೊಂದನ್ನು ಎಸೆದ.

"ನಿಮ್ಮ ಮಂದಿ ಮ್ಯಾಲೆ ಬರದೀನಿ. ಉರ್ದು ಮಾಡಿಕೊಡ್ರಿ, ಓದಿ ನಡುಗಲಿ. ಇಲ್ಲಾಂದ್ರ ಈ ಊರಾಗ ನಿಮ್ಮ ಪುಸ್ತಕ ಒಂದೂ ಬಿಡುಗಡೆ ಆಗಂಗಿಲ್ಲ."

ಮಾಸ್ತರರು ಓದಿದರು. ಎದ್ದು ಕಪಾಟಿನಿಂದ ಉರ್ದು ಹಾಳೆಯೊಂದನ್ನು ತೆಗೆದು ಕೊಟ್ಟರು. "ತಗೋರಿ, ತಯಾರೈತಿ."

"ಈಗಷ್ಟ ಕೊಟ್ಟೀನಲ್ರೀ!"

"ಹೋದ ವಾರ ಮಸೂತಿ ಓಣಿ ಮುಖಂಡ ಇನಾಯತ ನಿಮ್ಮ ಮಂದಿ ಮ್ಯಾಲೆ ಇದನ್ನ ಬರದು, ಕನ್ನಡ ಮಾಡ್ರಿ ಅಂತ ಕೊಟ್ಟು ಹೋದ. ಸಾಲಿಗೆ ಸಾಲು ನಿಮ್ಮದ. ಧರ್ಮದ ಹೆಸರಷ್ಟ ತಿದ್ದಿದ್ರ ಸಾಕು. ಅವಗ ನಿಮ್ಮದನ್ನ ಕೊಡ್ತೀನಿ."

ಈರಬಸಪ್ಪ ಕೆಂಡವಾದ. "ನನ್ನ ಬರಹ ಕದ್ದಾನ! ಅವರೆಲ್ಲಾ ಕಳ್ಳರು!"

"ಆ ಮಾತೂ ಎರಡೂ ಹಾಳ್ಯಾಗ ಐತ್ರೀ," ಎಂದರು ಮಾಸ್ತರರು. "ಮೂರನೇ ಸಾಲು."