ಪಥ್ಯ ಮುರಿದವಳ ದೂರು

"ಅವ್ವ, ಗಿಡಮೂಲಿಕೆಯಿಂದ ಕೇಡಾದರೆ ಯಾರ ಮೇಲೆ ದೂರು ಕೊಡಬೇಕು?" ಎಂದು ಪದ್ಮಾಕ್ಷಿ ಕೇಳಿದಳು.

ಅವ್ವ ಹೂಬತ್ತಿ ಹೊಸೆಯುತ್ತಿದ್ದರು. ಹೊಳೆದಂಡೆಯ ಆ ಆಶ್ರಮಕ್ಕೆ ಅವರೇ ಗುರು. ಕೇಳಿದ್ದಕ್ಕೆ ಅವರು ನೇರವಾಗಿ ಉತ್ತರ ಕೊಟ್ಟದ್ದನ್ನು ಶಿಷ್ಯರು ಯಾರೂ ಕಂಡಿರಲಿಲ್ಲ.

"ಕೇಡು ಆದದ್ದು ಯಾರಿಗೆ?"

"ನನ್ನ ಅಕ್ಕನಿಗೆ. ಮೈ ಇಳಿಯಲಿ ಅಂತ ಒಂದು ಪುಡಿ ತಗೊಂಡಳು. ಬರೀ ಬೇರು, ಎಲೆ, ಏನೂ ಆಗೋದಿಲ್ಲ ಅಂತ ಹೇಳಿ ಕೊಟ್ಟಿದ್ದರು. ಈಗ ಕಣ್ಣೆಲ್ಲ ಹಳದಿ, ಆಸ್ಪತ್ರೆ ಸೇರಿದ್ದಾಳೆ. ಪುಡಿಯಿಂದಲೇ ಯಕೃತ್ತು ಕೆಟ್ಟಿದೆ ಅಂತಾರೆ ಡಾಕ್ಟರು. ದೂರು ಕೊಡೇ ಅಂದರೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ತಪ್ಪು ನನ್ನದೇ ಅಂತಾಳೆ."

"ಏನಂತೆ ತಪ್ಪು?"

"ಹುಳಿ ಮುಟ್ಟಬಾರದು ಅಂತ ಡಬ್ಬಿಯ ಮೇಲೇ ಇತ್ತು. ನಾಲಿಗೆ ಕೇಳಬೇಕಲ್ಲ! ಹೆರಳೆಕಾಯಿ ಗೊಜ್ಜು ಕಲಸಿಕೊಂಡು ತಿಂದಳು. ನಾನೇ ಕಣ್ಣಾರೆ ನೋಡಿದೆ. ಅವತ್ತೂ ಹೇಳಿದೆ, ಮೊನ್ನೆ ಆಸ್ಪತ್ರೆಯಲ್ಲೂ ಹೇಳಿದೆ."

ಪದ್ಮಾಕ್ಷಿಯ ದನಿಯಲ್ಲಿ ಮರುಕವಿತ್ತು. ಮರುಕದ ಅಡಿಯಲ್ಲಿ ಸ್ವಲ್ಪ ಹುಳಿಯೂ ಇತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

ಅವ್ವ ಹತ್ತಿಯನ್ನು ಪಕ್ಕಕ್ಕಿಟ್ಟರು. ಹೊಳೆಯ ಕಡೆ ನೋಡುತ್ತ, ಅಲ್ಲಿ ಯಾರೋ ನಡೆದುಬರುತ್ತಿದ್ದಾರೆ ಎನ್ನುವ ಹಾಗೆ, ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬಳು ನೇಕಾರ್ತಿ ಇದ್ದಳು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಅವಳ ಮೊಣಕಾಲು ಹಿಡಿದುಕೊಂಡಿತ್ತು. ಅದೇ ಬೀದಿಯಲ್ಲಿ ಒಬ್ಬ ವರ್ತಕ ಹಸಿರು ಪುಡಿ ಮಾರುತ್ತಿದ್ದ. ಅವನ ಅಂಗಡಿಯ ಮುಂದೆ ಯಾವಾಗಲೂ ಜನ.

"ಬರೀ ಗಿಡ, ತಾಯಿ. ಬೆಳೆಸಿದ್ದು ಕಾಡು, ಕುಟ್ಟಿದ್ದು ನಾನು. ಅಡ್ಡ ಪರಿಣಾಮ ಅನ್ನೋದು ಇದರ ಜಾತಕದಲ್ಲೇ ಇಲ್ಲ" ಎಂದ ವರ್ತಕ. ಆಮೇಲೆ ಪೊಟ್ಟಣಕ್ಕೆ ದಾರ ಸುತ್ತುತ್ತ ಪಥ್ಯ ಹೇಳಿದ. ಬದನೆಕಾಯಿ ಕೂಡದು. ಮೊಸರು ಕೂಡದು. ಕರಿದದ್ದು ಕೂಡದು. ಹಗಲು ಮಲಗಕೂಡದು. ಯಾರ ಮೇಲೂ ಸಿಟ್ಟಾಗಕೂಡದು.

ಸಂಸಾರ ಮಾಡುವ ಹೆಂಗಸು ಸಿಟ್ಟಾಗದೆ ಎಷ್ಟು ಹೊತ್ತು ಇದ್ದಾಳು? ವರ್ತಕನಿಗೂ ಸಂಸಾರವಿತ್ತು. ಅವನು ತಿಳಿದೇ ಹೇಳಿದ್ದ.

ನೇಕಾರ್ತಿ ದಿನವೂ ಬೆಳಿಗ್ಗೆ ಬಿಸಿನೀರಿನಲ್ಲಿ ಪುಡಿ ಕದಡಿ ಕುಡಿದಳು. ನೋವು ಮೊದಲು ಪಕ್ಕದ ಮನೆಗೆ ಹೋದಂತಾಯಿತು, ಆಮೇಲೆ ಪಕ್ಕದ ಊರಿಗೆ. ಕಾಲು ತನ್ನದಲ್ಲ, ಯಾರೋ ಎರವಲು ಕೊಟ್ಟ ಹೊಸ ಕಾಲು ಎನ್ನುವಷ್ಟು ಹಗುರ. ಅವಳು ಹಾಡಿಕೊಂಡು ನೇಯ್ದಳು.

ಒಂದು ದಿನ ಮಗ್ಗದಿಂದಲೇ ಗಂಡನನ್ನು ಕೂಗಿ ಕೇಳಿದಳು. "ಈ ಬಿಳಿ ನೂಲಿಗೆ ಯಾರ್ರೀ ಅರಿಶಿನ ಹಚ್ಚಿದ್ದು?"

ಗಂಡ ಬಂದು ನೂಲು ನೋಡಿದ. ನೂಲು ಬೆಳ್ಳಗೇ ಇತ್ತು. ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಅರಿಶಿನ ಅವಳ ಕಣ್ಣಿನಲ್ಲಿತ್ತು.

ಅಂದಿನಿಂದ ಲೋಕ ಅವಳಿಗೆ ನೀರಿನೊಳಗಿಂದ ಕಾಣುವಂತೆ ಕಾಣತೊಡಗಿತು. ಜನ ತುಟಿ ಆಡಿಸುತ್ತಿದ್ದರು, ಮಾತು ತಡವಾಗಿ ಬಂದು ಮುಟ್ಟುತ್ತಿತ್ತು. ಲಾಳಿ ಕೈಯಿಂದ ಜಾರಿ ಬೀಳುತ್ತಿತ್ತು. ಮಗ್ಗ ನಿಂತಿತು.

ಊರಿನ ವೈದ್ಯೆ ಅವಳ ಹೊಟ್ಟೆಯ ಬಲಗಡೆ ಒತ್ತಿ ನೋಡಿದಳು, ಪುಡಿಯನ್ನು ಪರೀಕ್ಷೆ ಮಾಡಿಸಿದಳು. "ನಿನ್ನ ಯಕೃತ್ತು ಕೆಡಿಸಿದ್ದು ಇದೇ. ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ. ಪುಡಿ ನಿಲ್ಲಿಸು, ಉಳಿದ ಪೊಟ್ಟಣ ಮಾತ್ರ ಎಸೆಯಬೇಡ" ಎಂದಳು.

ನೇಕಾರ್ತಿ ನೇರ ವರ್ತಕನ ಹತ್ತಿರ ಹೋದಳು. ಅವನು ಸಿಟ್ಟಾಗಲಿಲ್ಲ. ಸ್ಟೂಲು ಹಾಕಿ ಕೂರಿಸಿದ, ಕುಡಿಯಲು ನೀರು ಕೊಟ್ಟ. ಆಮೇಲೆ ಬಹಳ ಮೆಲ್ಲಗೆ ಕೇಳಿದ.

"ಪಥ್ಯ ಮಾಡಿದಿರಾ, ತಾಯಿ?"

ಓರಗಿತ್ತಿಯ ಸೀಮಂತದಲ್ಲಿ ಬಾಳೆಲೆಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಬಿದ್ದದ್ದು ಅವಳಿಗೆ ನೆನಪಾಯಿತು. ಪುಟ್ಟ ಕಾಯಿ, ತೊಟ್ಟು ಸಮೇತ. ಅವಳು ನೀರು ಕುಡಿದು, ಲೋಟ ಕೆಳಗಿಟ್ಟು, ಮನೆಗೆ ಬಂದಳು.

ಮನೆಯಲ್ಲಿ ಎಲ್ಲರಿಗೂ ಅದೇ ನೆನಪಾಗಿತ್ತು. "ಬೇಡ ಅಂದಿದ್ದೆ, ಕೇಳಿದೆಯಾ?" ಎಂದ ಗಂಡ. "ತೊಟ್ಟನ್ನೂ ಬಿಡದೆ ಚೀಪಿದಳಪ್ಪ" ಎಂದಳು ಅತ್ತೆ. "ಪಕ್ಕದ ಎಲೆಯಲ್ಲೇ ಕೂತಿದ್ದೆ. ಅಕ್ಕಾ, ಸ್ವಲ್ಪ ಸಾಕು ಅಂದರೂ ಕೇಳಲಿಲ್ಲ" ಎಂದಳು ಓರಗಿತ್ತಿ. ಅವರು ಕೆಟ್ಟವರಲ್ಲ. ಅತ್ತೆ ಹಾಗೆ ಹೇಳುತ್ತಲೇ ಅವಳ ಬಾಯಿಗೆ ಗಂಜಿ ಹಾಕುತ್ತಿದ್ದಳು. ಗಂಡ ಹಾಗೆ ಹೇಳುತ್ತಲೇ ಅವಳ ಪಾದ ಒತ್ತುತ್ತಿದ್ದ.

ನೇಕಾರ್ತಿ ಗೋಡೆ ಕಡೆ ತಿರುಗಿದಳು.

ಆದರೆ ಕಿಟಕಿಯಿಂದ ವರ್ತಕನ ಅಂಗಡಿ ಕಾಣುತ್ತಿತ್ತು. ಜನ ಇನ್ನೂ ನಿಂತಿದ್ದರು. ಅವರಲ್ಲೊಬ್ಬಳು ಮೊಣಕಾಲು ನೀವಿಕೊಳ್ಳುತ್ತಿದ್ದಳು. ಅವಳಿಗೂ ಒಂದು ದಿನ ಯಾರೋ ಮೆಲ್ಲಗೆ ಪಥ್ಯದ ಮಾತು ಕೇಳುತ್ತಾರೆ ಎಂದುಕೊಂಡಳು ನೇಕಾರ್ತಿ. ಗೋಡೆ ಹಿಡಿದು ಎದ್ದಳು.

ಆ ಪೇಟೆಯಲ್ಲಿ ಎರಡು ಕಚೇರಿಗಳು ಎದುರುಬದುರು ಇದ್ದವು. ಒಂದರಲ್ಲಿ ಮದ್ದಿನ ಅಧಿಕಾರಿ, ಇನ್ನೊಂದರಲ್ಲಿ ಆಹಾರದ ಅಧಿಕಾರಿ. ನಡುವೆ ಒಂದು ಹೊಂಗೆಮರ.

ಅವಳ ದೂರು ಕೇಳಿ ಮದ್ದಿನ ಅಧಿಕಾರಿ ಕರೆಸಿದಾಗ ವರ್ತಕ ಪೊಟ್ಟಣ ತಿರುಗಿಸಿ ಸಣ್ಣ ಅಕ್ಷರ ತೋರಿಸಿದ. "ಇದು ಮದ್ದಲ್ಲ ಸ್ವಾಮಿ, ಆಹಾರ. ಊಟದ ಜೊತೆ ಒಂದು ಊಟ." ಅಧಿಕಾರಿ ನೇಕಾರ್ತಿಯನ್ನು ಎದುರಿನ ಕಚೇರಿಗೆ ಕಳಿಸಿದ.

ಆಹಾರದ ಅಧಿಕಾರಿಯ ಮುಂದೆ ವರ್ತಕ ಪೊಟ್ಟಣವನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಋಷಿಗಳ ಕಾಲದ ಮದ್ದು, ಸ್ವಾಮಿ. ಇದನ್ನು ಉಪ್ಪಿನಕಾಯಿ ಹಪ್ಪಳದ ಜೊತೆ ಸೇರಿಸುತ್ತೀರಾ?" ಆ ಅಧಿಕಾರಿಗೆ ನಾಚಿಕೆಯಾಯಿತು. ಅವನು ಅವಳನ್ನು ಮತ್ತೆ ಮದ್ದಿನ ಕಚೇರಿಗೇ ಕಳಿಸಿದ.

ಹೀಗೆ ಅವಳು ಆ ಬಾಗಿಲಿಗೂ ಈ ಬಾಗಿಲಿಗೂ ಲಾಳಿಯಂತೆ ಓಡಾಡಿದಳು. ಬಟ್ಟೆ ಮಾತ್ರ ನೇಯಲಿಲ್ಲ. ದಣಿದು ಹೊಂಗೆಮರದ ಕೆಳಗೆ ಕೂತಳು. ನೆರಳು ತಂಪಾಗಿತ್ತು, ಕಣ್ಣು ಎಳೆಯಿತು.

ಆ ಮಂಪರಿನಲ್ಲಿ ಹಸಿರು ಪುಡಿ ಮನುಷ್ಯನಾಗಿ ಎದ್ದು ನಡೆಯುವುದು ಅವಳಿಗೆ ಕಂಡಿತು. ಒಂದು ಬಾಗಿಲಿನಲ್ಲಿ ಅವನು ಸೊಂಟಕ್ಕೆ ಪಂಚೆ ಸುತ್ತಿ, ಕೈಯಲ್ಲಿ ಸೌಟು ಹಿಡಿದ ಅಡುಗೆಯವನು. ಇನ್ನೊಂದು ಬಾಗಿಲಿನಲ್ಲಿ ಶಾಲು ಹೊದ್ದ ಪಂಡಿತ. ನಡುವೆ ಮರದ ಹತ್ತಿರ ಬಂದಾಗ ಸೌಟು ಬಿಟ್ಟು ಶಾಲು ಹೊದೆಯುತ್ತಿದ್ದ, ಶಾಲು ಬಿಟ್ಟು ಸೌಟು ಹಿಡಿಯುತ್ತಿದ್ದ. ಪಾಪ, ಅವನಿಗೂ ಬೆವರು. ಹೊಂಗೆಯ ಹೂ ಅವನ ಮೇಲೆ ಉದುರುತ್ತಿದ್ದವು. ನೇಕಾರ್ತಿಗೆ ನಗು ಬಂತು. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ತನ್ನ ನಗುವಿಗೆ ತಾನೇ ಎಚ್ಚರಾದಳು.

ಸೌಟಿನವನ ಮೇಲೂ ಬೇಡ, ಶಾಲಿನವನ ಮೇಲೂ ಬೇಡ, ಮಾರಿದವನ ಮೇಲೆ ದೂರು ಕೊಡುತ್ತೇನೆ ಎಂದುಕೊಂಡಳು. ಕೊಂಡು ಮೋಸಹೋದವರ ದೂರು ಕೇಳುವ ನ್ಯಾಯಾಧೀಶೆಯೊಬ್ಬಳು ಆ ಪೇಟೆಯಲ್ಲಿದ್ದಳು. ಅಲ್ಲಿಗೆ ಹೋದಳು.

ವಿಚಾರಣೆಯ ದಿನ ಗಂಡ ತೋಳು ಹಿಡಿದು ನಡೆಸಿಕೊಂಡು ಬಂದ. ಅತ್ತೆ ಎಳನೀರು ತಂದಿದ್ದಳು. ಓರಗಿತ್ತಿ ಕೂಸನ್ನು ಎತ್ತಿಕೊಂಡು ಬಂದಿದ್ದಳು. ವೈದ್ಯೆ ಪರೀಕ್ಷೆಯ ಫಲ ಹೇಳಿದಳು. ವರ್ತಕ ಒಬ್ಬನೇ ಬಂದಿದ್ದ.

"ನಿನ್ನ ವಕೀಲರೆಲ್ಲಿ?" ಎಂದು ನ್ಯಾಯಾಧೀಶೆ ಕೇಳಿದಳು.

"ನನಗ್ಯಾಕೆ ವಕೀಲರು, ಮಹಾಸ್ವಾಮಿ? ಈ ತಾಯಿ ಪಥ್ಯ ಮುರಿದಿದ್ದಾರೆ. ಅವರ ಮನೆಯವರನ್ನೇ ಕೇಳಿ."

ಕೇಳಿದರು. ಗಂಡ ತಲೆ ತಗ್ಗಿಸಿ, ತಿಂದದ್ದು ನಿಜ ಎಂದ. ಅತ್ತೆ ತೊಟ್ಟಿನ ಸಂಗತಿ ಹೇಳಿದಳು. ಓರಗಿತ್ತಿ ಪಕ್ಕದಲ್ಲಿ ಕೂತು ನೋಡಿದ್ದನ್ನು ಹೇಳಿದಳು. ಯಾರೂ ಸುಳ್ಳು ಹೇಳಲಿಲ್ಲ. ನೇಕಾರ್ತಿ ಕೈಕಟ್ಟಿ ಕೂತಿದ್ದಳು. ಸಭೆಗೆ ಸಭೆಯೇ ಮತ್ತೆ ನೀರಿನೊಳಗೆ ಇಳಿಯುತ್ತಿದೆ ಎನಿಸಿತು ಅವಳಿಗೆ.

ನ್ಯಾಯಾಧೀಶೆ ಅತ್ತೆಯನ್ನು ಕೇಳಿದಳು. "ಅದೇ ಪಾತ್ರೆಯ ಎಣ್ಣೆಗಾಯಿ ನೀವು ತಿಂದಿರಾ, ಅಜ್ಜಿ?"

"ತಿನ್ನದೆ? ಸೀಮಂತದ ಊಟ!"

"ನೀವಿಬ್ಬರು?"

ಗಂಡನೂ ಓರಗಿತ್ತಿಯೂ ಹೌದೆಂದರು.

"ಹಾಗಾದರೆ ಮೂವರೂ ಮುಂದೆ ಬನ್ನಿ. ಬೆಳಕಿಗೆ ನಿಂತು ಕಣ್ಣು ತೋರಿಸಿ."

ಮೂವರೂ ಕಿಟಕಿಯ ಹತ್ತಿರ ನಿಂತು ಕಣ್ಣು ಅಗಲಿಸಿದರು. ಬಿಳಿ ಕಣ್ಣುಗಳು, ತೊಳೆದ ಪಿಂಗಾಣಿಯ ಹಾಗೆ. ಅವರು ತಿರುಗಿ ನೇಕಾರ್ತಿಯನ್ನು ನೋಡಿದರು. ಅವಳ ಕಣ್ಣು ಚೆಂಡುಹೂವಿನ ಬಣ್ಣ. ಇಷ್ಟು ದಿನ ಅವಳ ಜೊತೆಗೇ ಇದ್ದೂ ಅವರು ಆ ಕಣ್ಣನ್ನು ಆಗಷ್ಟೇ ನೋಡಿದಂತಿತ್ತು. ಅತ್ತೆ ಎಳನೀರನ್ನು ಸೊಸೆಯ ಕೈಗಿಟ್ಟಳು.

ನ್ಯಾಯಾಧೀಶೆ ವರ್ತಕನ ಕಡೆ ತಿರುಗಿದಳು. "ನಿನ್ನ ಪುಡಿ ಮದ್ದೋ, ಆಹಾರವೋ?"

"ಆಹಾರ, ಮಹಾಸ್ವಾಮಿ. ಪೊಟ್ಟಣದ ಮೇಲೇ ಇದೆ."

"ನಾನು ಇವತ್ತು ಮುದ್ದೆ ಉಂಡು ಬಂದೆ. ಬಡಿಸಿದವರು ಸಿಟ್ಟಾಗಬೇಡ, ಹಗಲು ಮಲಗಬೇಡ ಅನ್ನಲಿಲ್ಲ. ಆಹಾರಕ್ಕೆ ಪಥ್ಯ ಎಲ್ಲಿಂದ ಬಂತು?"

ವರ್ತಕ ಕೆಮ್ಮಿದ. "ಮದ್ದು ಅಂತಲೇ ಇಟ್ಟುಕೊಳ್ಳಿ."

"ಇಟ್ಟುಕೊಂಡೆ. ಮದ್ದು ಮಾಡಿ ಮಾರಲು ನಿನಗೆ ಅಪ್ಪಣೆ ಕೊಟ್ಟವರು ಯಾರು?"

ವರ್ತಕನಿಗೆ ಆ ದಿನ ಸೌಟೂ ಸಿಗಲಿಲ್ಲ, ಶಾಲೂ ಸಿಗಲಿಲ್ಲ.

"ಹೆಸರು ಏನು ಬೇಕಾದರೂ ಇರಲಿ. ಕೇಡಿಲ್ಲ ಎಂದು ಹೇಳಿ ನೀನು ಮಾರಿದೆ, ಅವಳು ನಂಬಿ ಕೊಂಡಳು, ಅವಳ ಮಗ್ಗ ನಿಂತಿತು. ನನಗೆ ಇಷ್ಟು ಸಾಕು" ಎಂದಳು ನ್ಯಾಯಾಧೀಶೆ. ಚಿಕಿತ್ಸೆಯ ಖರ್ಚೂ, ಮಗ್ಗ ನಿಂತ ದಿನಗಳ ನಷ್ಟವೂ ವರ್ತಕನ ತಲೆಗೆ ಬಂತು. ಎರಡೂ ಕಚೇರಿಯವರು ಒಟ್ಟಿಗೆ ಹೋಗಿ ಪುಡಿಗೆ ಮುದ್ರೆ ಹಾಕುವಂತಾಯಿತು.

ನೇಕಾರ್ತಿ ಪೂರ್ತಿ ಮೊದಲಿನಂತಾಗಲಿಲ್ಲ. ಆದರೆ ಒಂದು ದಿನ ಅವಳಿಗೆ ಬಿಳಿ ನೂಲು ಬೆಳ್ಳಗೆ ಕಂಡಿತು. ಅವತ್ತು ಮಗ್ಗಕ್ಕೆ ಇಳಿದಳು.

ಅವ್ವ ಕತೆ ನಿಲ್ಲಿಸಿದರು. ಹೊಳೆಯ ಸದ್ದು ಮತ್ತೆ ಕೇಳಿಸಿತು. ಪದ್ಮಾಕ್ಷಿಗೆ ತಾನೂ ಆ ಹೊಂಗೆಮರದ ಕೆಳಗೆ ಒಂದಿಷ್ಟು ಹೊತ್ತು ಕೂತು ಎದ್ದುಬಂದಂತಿತ್ತು.

"ಹಾಗಾದರೆ ಅಕ್ಕನೂ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು" ಎಂದಳು ಹುರುಪಿನಿಂದ.

"ಹೋಗಬಹುದು. ಡಬ್ಬಿ ಜೋಪಾನವಾಗಿಡಿ, ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಆದರೆ ಮೊದಲು ಅವಳು ಗೋಡೆಯಿಂದ ಈಚೆ ತಿರುಗಬೇಕು."

"ತಿರುಗಿಸುತ್ತೇನೆ, ಅವ್ವ." ಪದ್ಮಾಕ್ಷಿ ಎದ್ದು ಸೆರಗು ಕೊಡವಿದಳು. ಒಂದು ಅನುಮಾನ ಉಳಿದಿತ್ತು. "ಅಷ್ಟು ವ್ಯಾಪಾರ ಇದ್ದವನು ಒಬ್ಬ ವಕೀಲರನ್ನೂ ಯಾಕೆ ಇಡಲಿಲ್ಲ?"

"ಇಟ್ಟಿದ್ದನಲ್ಲ. ಗಂಡ, ಅತ್ತೆ, ಓರಗಿತ್ತಿ. ಮನೆಯೊಳಗೇ ಕೂತು ಹಗಲೂ ರಾತ್ರಿ ವಾದಿಸಿದರು. ಒಂದು ಕಾಸೂ ಕೇಳಲಿಲ್ಲ."

ಪದ್ಮಾಕ್ಷಿ ಗಟ್ಟಿಯಾಗಿ ನಕ್ಕಳು.

ಅವ್ವ ಮತ್ತೆ ಹತ್ತಿ ಕೈಗೆತ್ತಿಕೊಂಡು, ಬತ್ತಿಯ ತುದಿ ಹೊಸೆಯುತ್ತ ಕೇಳಿದರು:

"ಹೆರಳೆಕಾಯಿ ಗೊಜ್ಜಿನ ವಾದಕ್ಕೆ ಪುಡಿಯವನು ನಿನಗೆಷ್ಟು ಕೊಟ್ಟ, ಮಗಳೇ?"