ಪಾಶಾನ ಸಹಿ

ನಿವೃತ್ತ ಜನರಲ್ ಫೆರಿದುನ್ ಕುರಿ ಕಾಯುವವನ ಮಗ. ನಲವತ್ತೊಂದು ವರ್ಷ ತುರ್ಕಿಯ ಸೈನ್ಯದಲ್ಲಿ ದುಡಿದು ಹೆಗಲ ಮೇಲೆ ಮೂರು ನಕ್ಷತ್ರ ಗಳಿಸಿದ್ದ. ಈಗ ತಲೆಯ ಮೇಲೆ ಒಂದು ಮೊಕದ್ದಮೆಯಿತ್ತು.

ಏಳು ತಿಂಗಳಿಂದ ನಡೆಯುತ್ತಿದ್ದ ವಿಚಾರಣೆಯಲ್ಲಿ ಹೇಳಿಕೆ ಕೊಡಬೇಕಾದ ಹಿಂದಿನ ದಿನ ಅವನು ನದೀತೀರದ ಸೂಫಿ ಆಶ್ರಮಕ್ಕೆ, ಗುರು ಇಲ್ಯಾಸ್ ಬಾಬಾ ಅವರ ಬಳಿಗೆ ಬಂದ.

"ಬಾಬಾ, ನಾನು ಸೇವೆಯಲ್ಲಿದ್ದಾಗ, ಆ ಗಲಭೆಯ ದಿನ ಬಾನುಲಿ ಕೇಂದ್ರ ವಶಪಡಿಸಿಕೋ ಅಂತ ಫೋನಿನಲ್ಲಿ ಹೇಳಿದವನು ನಾನು. ಹೋದವನು ಕ್ಯಾಪ್ಟನ್ ಲೆವೆಂತ್. ಅದು ಕಾನೂನಿಗೆ ವಿರುದ್ಧ ಅಂತ ಇಬ್ಬರ ಮೇಲೂ ಕೇಸಾಗಿದೆ. ಅವನು ಏಳು ತಿಂಗಳಿಂದ ಜೈಲಿನಲ್ಲಿದ್ದಾನೆ."

"ನೀವು ಹೊರಗಿದ್ದೀರಿ."

"ಯಾವ ಕಾಗದದಲ್ಲೂ ನನ್ನ ಸಹಿ ಇಲ್ಲ. ನಾಳೆ ಬಾಯಿ ಬಿಡಬೇಡಿ, ಗೆದ್ದ ಹಾಗೇ ಅಂತಾರೆ ವಕೀಲರು. ಏನು ಮಾಡಲಿ?"

ಗುರು ನದಿಯತ್ತ ಕೈ ತೋರಿಸಿದರು. "ಪಾಶಾ, ಹೋಗಿ ಆ ನೀರಿನಲ್ಲಿ ನಿಲ್ಲಿ." ಆ ನಾಡಿನಲ್ಲಿ ಜನರಲ್‌ಗಳನ್ನು ಪಾಶಾ ಎಂದೇ ಕರೆಯುವುದು.

ನವೆಂಬರ್ ತಿಂಗಳ ನೀರು. ಆದರೂ ಜನರಲ್ ಯಾಕೆಂದು ಕೇಳಲಿಲ್ಲ. ಆಜ್ಞೆ ಎಂದರೇನೆಂದು ಅವನಿಗೆ ಗೊತ್ತಿತ್ತು. ಬೂಟು ಬಿಚ್ಚಿಟ್ಟು, ಮೊಣಕಾಲುದ್ದ ನೀರಿನಲ್ಲಿ ನೆಟ್ಟಗೆ ನಿಂತ.

ಗುರು ಚಹಾ ಕುಡಿದರು. ಇನ್ನೊಂದು ಲೋಟ ಬಗ್ಗಿಸಿಕೊಂಡು ಅದನ್ನೂ ನಿಧಾನವಾಗಿ ಕುಡಿದರು.

ಜನರಲ್‌ನ ಹಲ್ಲು ಕಟಕಟ ಎನ್ನತೊಡಗಿತು. "ಬಾಬಾ, ಇನ್ನೆಷ್ಟು ಹೊತ್ತು?"

"ಅಯ್ಯೋ, ಈ ಚಳಿಯಲ್ಲಿ ನಿಮ್ಮನ್ನು ನೀರಿಗಿಳಿಸಿದವರು ಯಾರು?"

"ನೀವೇ ಅಲ್ಲವೇ ಹೇಳಿದ್ದು?"

"ನಾನೇ? ಎಲ್ಲಿ, ನನ್ನ ಸಹಿ ತೋರಿಸಿ."

ಜನರಲ್‌ಗೆ ಸಿಟ್ಟು ನೆತ್ತಿಗೇರಿತು. ಬೈಯಲೆಂದು ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟ. ಅವನಿಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ಕೋರ್ಟಿನಲ್ಲೂ ಆಗಿರಲಿಲ್ಲ.

ಆಗ ಗುರು ಲೋಟ ಕೆಳಗಿಟ್ಟು, ತಾವೇ ನೀರಿಗಿಳಿದು ಬಂದು ಅವನ ಕೈ ಹಿಡಿದರು. "ಹೇಳಿದವನು ನಾನೇ. ಬನ್ನಿ," ಎಂದು ದಡಕ್ಕೆ ಕರೆತಂದರು.

ಜನರಲ್ ಬೂಟು ಹಾಕಿಕೊಂಡು, ಲೇಸು ಬಿಗಿದು ಎದ್ದು ನಿಂತ.

"ನಾಳೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಲೆವೆಂತ್ ಹೊರಗೆ ಬರಬಹುದು. ನಾನಂತೂ ಒಳಗೆ ಹೋಗುತ್ತೇನೆ. ನಕ್ಷತ್ರಗಳನ್ನು ಕಿತ್ತುಕೊಳ್ಳುತ್ತಾರೆ. ನನಗೆ ಎಪ್ಪತ್ತೊಂದಾಯಿತು ಬಾಬಾ, ಅಲ್ಲಿಂದ ಜೀವಂತ ಬರುತ್ತೇನೋ ಇಲ್ಲವೋ."



ಗುರು ನೆನೆದ ನಿಲುವಂಗಿಯ ಅಂಚನ್ನು ಹಿಂಡುತ್ತ ಹೇಳಿದರು:

"ಬರದೆಯೂ ಇರಬಹುದು. ಆದರೆ ನಾಳೆ ಆ ಕೋರ್ಟಿಗೆ ಒಬ್ಬ ಜನರಲ್ ಬರುತ್ತಾನೆ, ಪಾಶಾ. ಏಳು ತಿಂಗಳಿಂದ ಬಂದಿರಲಿಲ್ಲ."